ತಾಯಿಯ ನೆತ್ತರಲ್ಲಿ ಸೊಳ್ಳೆಯ ಚರಿತ್ರೆ



ಸೊಳ್ಳೆ ಕಚ್ಚುವುದು ಒಂದು ಕ್ಷಣ, ತುರಿಕೆ ಅರ್ಧ ಗಂಟೆ. ಆದರೆ ಆ ಸೊಳ್ಳೆ ಡೆಂಗ್ಯೂವನ್ನೋ ಚಿಕುನ್‌ಗುನ್ಯವನ್ನೋ ಹೊತ್ತು ತಂದಿದ್ದರೆ ಅದರ ಗುರುತು ರಕ್ತದಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಬಂದ ಜ್ವರವನ್ನು ನಾವು ಮರೆಯುತ್ತೇವೆ, ರಕ್ತ ಮರೆಯುವುದಿಲ್ಲ. ಈ ಗುರುತಿಗೆ ವಿಜ್ಞಾನಿಗಳು ಇಟ್ಟ ಹೆಸರು ಪ್ರತಿಕಾಯ.

ಹೆಣ್ಣುಮಗಳು ಬಸುರಿಯಾದಾಗ, ಮುಖ್ಯವಾಗಿ ಕೊನೆಯ ಮೂರು ತಿಂಗಳಲ್ಲಿ, ಈ ಪ್ರತಿಕಾಯಗಳು ಮಾಸಿನ ಮೂಲಕ ಕೂಸಿಗೆ ಇಳಿಯುತ್ತವೆ. ತವರಿನವರು ತೊಟ್ಟಿಲು, ಬೆಳ್ಳಿ ಉಡಿದಾರ ತರುವ ಮೊದಲೇ ಮಗುವಿಗೆ ಸಿಗುವ ಉಡುಗೊರೆ ಇದು. ಹುಟ್ಟಿದ ಮೇಲೆ ಕೆಲವು ತಿಂಗಳ ಕಾಲ ಅದೇ ಮಗುವಿನ ಕಾವಲು. ಆದರೆ ಈ ಉಡುಗೊರೆ ಎಲ್ಲ ತಾಯಂದಿರ ಬಳಿಯೂ ಇರುತ್ತದೆಯೇ? ಇದ್ದರೆ ಯಾವಾಗಲೂ ಒಳ್ಳೆಯದನ್ನೇ ಮಾಡುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದ ಕಥೆ ಪುಣೆ, ಬ್ಯಾಂಕಾಕ್ ಮತ್ತು ಹಿಂದೂ ಮಹಾಸಾಗರದ ಒಂದು ದ್ವೀಪವನ್ನು ಸುತ್ತಿ ಬರುತ್ತದೆ.

ಪುಣೆಯ ಸೀಸೆಗಳು

ಪುಣೆಯ ನಮ್ಮ ಕೇಳುಗರಿಗೆ ಅಂಬೇಡ್ಕರ್ ರಸ್ತೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಪರಿಚಯ ಇದ್ದೇ ಇರುತ್ತದೆ. 1952ರಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಶುರುವಾದಾಗ ಅದರ ಹೆಸರು ವೈರಸ್ ರಿಸರ್ಚ್ ಸೆಂಟರ್. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಮಂಗನ ಕಾಯಿಲೆಯ ವೈರಸ್ಸನ್ನು ಪತ್ತೆ ಹಚ್ಚಿದ್ದೂ ಇದೇ ಸಂಸ್ಥೆ.

ಸಂಸ್ಥೆ ಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಒಂದು ಬಹಳ ಸರಳ. ದೇಶದ ಬೇರೆ ಬೇರೆ ಊರುಗಳ ಜನರ ರಕ್ತ ತರಿಸಿ, ಯಾವ ಯಾವ ವೈರಸ್ಸಿನ ಗುರುತು ಇದೆ ಎಂದು ನೋಡುವುದು. ಸ್ಮಿತ್‌ಬರ್ನ್, ಕೆರ್ ಮತ್ತು ಗಾತ್ನೆ 1954ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಒಂದು ಅಚ್ಚರಿ ಇತ್ತು. 1947ರಲ್ಲಷ್ಟೇ ಉಗಾಂಡದ ಕಾಡಿನಲ್ಲಿ ಸಿಕ್ಕಿದ್ದ ಝೀಕಾ ವೈರಸ್ಸಿಗೆ ಪ್ರತಿಕಾಯ, ಪರೀಕ್ಷಿಸಿದ 196 ಭಾರತೀಯರಲ್ಲಿ 33 ಮಂದಿಯ ರಕ್ತದಲ್ಲಿ ಕಂಡಿತ್ತು. ಝೀಕಾ ಮತ್ತು ಡೆಂಗ್ಯೂ ಒಂದೇ ಕುಲದವು. ಒಂದರ ಪ್ರತಿಕಾಯ ಪರೀಕ್ಷೆಯಲ್ಲಿ ಇನ್ನೊಂದರದ್ದೆಂದು ತೋರಬಹುದು. ಹಾಗಾಗಿ ಆ 33ನ್ನು ಇಂದು ಎಚ್ಚರಿಕೆಯಿಂದ ಓದಬೇಕು. ಆದರೂ ಒಂದು ಪಾಠ ಉಳಿಯಿತು: ಆಸ್ಪತ್ರೆಯ ದಾಖಲೆಯಲ್ಲಿ ಇಲ್ಲದ ರೋಗದ ಚರಿತ್ರೆ ಜನರ ರಕ್ತದಲ್ಲಿ ಇರಬಹುದು.

ಬ್ಯಾಂಕಾಕಿನ ಹಸುಗೂಸುಗಳು

1958ರಲ್ಲಿ ಬ್ಯಾಂಕಾಕಿನಲ್ಲಿ ಮಕ್ಕಳಿಗೆ ವಿಚಿತ್ರ ಜ್ವರ ಹರಡಿತು. ರಕ್ತಸ್ರಾವ, ನಾಡಿ ಕುಸಿತ, ಸಾವು. ಕಾರಣ ಡೆಂಗ್ಯೂ. 1960ರ ದಶಕದಲ್ಲಿ ಅಲ್ಲಿ ಕೆಲಸ ಮಾಡಿದ ಅಮೆರಿಕದ ವೈದ್ಯ ಸ್ಕಾಟ್ ಹಾಲ್‌ಸ್ಟೆಡ್ ಒಂದು ವಿಷಯ ಗಮನಿಸಿದರು. ತೀವ್ರ ಕಾಯಿಲೆ ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ಎರಡನೇ ಸಲದ ಡೆಂಗ್ಯೂ. ಡೆಂಗ್ಯೂವಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದುಹೋದ ಮೇಲೆ ಬೇರೊಂದು ಬಗೆ ಬಂದರೆ ಅಪಾಯ ಹೆಚ್ಚು.

ಆದರೆ ಒಂದು ಗುಂಪು ಈ ಲೆಕ್ಕಕ್ಕೆ ಸಿಗಲಿಲ್ಲ. ವರ್ಷ ತುಂಬದ ಹಸುಗೂಸುಗಳಿಗೆ ಮೊದಲ ಸಲದ ಡೆಂಗ್ಯೂವೇ ಮಾರಕವಾಗುತ್ತಿತ್ತು. ಅದೂ ಹುಟ್ಟಿದ ಕೂಡಲೇ ಅಲ್ಲ, ಹೆಚ್ಚಾಗಿ ಆರರಿಂದ ಎಂಟು ತಿಂಗಳ ಪ್ರಾಯದಲ್ಲಿ. ಆ ಕೂಸುಗಳ ತಾಯಂದಿರ ರಕ್ತ ನೋಡಿದರೆ ಅವರಿಗೆಲ್ಲ ಹಿಂದೆಯೇ ಡೆಂಗ್ಯೂ ಬಂದುಹೋಗಿತ್ತು. ಅಂದರೆ ಮೊದಲನೇ ಸಲದ ಸೋಂಕು ಕೂಸಿನದಲ್ಲ, ಅಮ್ಮನದು!

ಹಾಲ್‌ಸ್ಟೆಡ್ ಕೊಟ್ಟ ವಿವರಣೆ ಹೀಗೆ: ಅಮ್ಮನಿಂದ ಬಂದ ಪ್ರತಿಕಾಯ ಹೇರಳವಾಗಿರುವಷ್ಟು ದಿನ ವೈರಸ್ಸನ್ನು ತಡೆಯುತ್ತದೆ. ತಿಂಗಳು ಕಳೆದಂತೆ ಅದು ತೆಳುವಾಗುತ್ತದೆ. ಆಗ ವೈರಸ್ಸಿಗೆ ಅಂಟಿಕೊಳ್ಳುತ್ತದೆ, ಕೊಲ್ಲಲಾರದು. ಕಳ್ಳನನ್ನು ಹಿಡಿದ ಕಾವಲುಗಾರ ಅವನನ್ನು ಕಟ್ಟಿಹಾಕಲಾರದೆ, ಕೈ ಹಿಡಿದುಕೊಂಡೇ ಮನೆಯೊಳಗೆ ಕರೆತಂದ ಹಾಗೆ, ವೈರಸ್ ಜೀವಕೋಶದ ಒಳಗೆ ಸುಲಭವಾಗಿ ಸೇರುತ್ತದೆ. ಬ್ಯಾಂಕಾಕಿನಲ್ಲೇ ನಡೆದು 1988ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ವಾದವನ್ನು ಬೆಂಬಲಿಸಿತು. ನಂತರದ ಕೆಲವು ಅಧ್ಯಯನಗಳು ಅಷ್ಟು ಸರಳವಲ್ಲ ಎಂದೂ ಹೇಳಿವೆ. ಆದರೆ ಆರು ತಿಂಗಳು ದಾಟಿದ ಕೂಸಿನ ಡೆಂಗ್ಯೂವನ್ನು ಹಗುರವಾಗಿ ಕಾಣಬಾರದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಗುರುತೇ ಇಲ್ಲದ ದ್ವೀಪ

ಇದಕ್ಕೆ ಪೂರ್ತಿ ವಿರುದ್ಧವಾದ ಕಥೆ ರಿಯೂನಿಯನ್ ದ್ವೀಪದ್ದು. ಮಡಗಾಸ್ಕರಿನ ಪೂರ್ವಕ್ಕಿರುವ ಈ ಫ್ರೆಂಚ್ ದ್ವೀಪದಲ್ಲಿ ಆಗ ಸುಮಾರು ಏಳೂಮುಕ್ಕಾಲು ಲಕ್ಷ ಜನ. 2005ರಲ್ಲಿ ಅಲ್ಲಿಗೆ ಚಿಕುನ್‌ಗುನ್ಯ ಬಂತು. ಅಲ್ಲಿನ ಜನರ ರಕ್ತಕ್ಕೆ ಅದರ ಪರಿಚಯವೇ ಇರಲಿಲ್ಲ. 2006ರ ಫೆಬ್ರುವರಿಯ ಒಂದೇ ವಾರದಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. ಎಷ್ಟು ಜನರಿಗೆ ಸೋಂಕು ತಗುಲಿದೆ ಎಂದು ಅಂದಾಜು ಮಾಡಲು ವಿಜ್ಞಾನಿಗಳು ಮೊದಲು ನೋಡಿದ್ದು ಗರ್ಭಿಣಿಯರ ರಕ್ತವನ್ನೇ. ತಪಾಸಣೆಗೆಂದು ಹೇಗೂ ತೆಗೆದಿರುತ್ತಾರಲ್ಲ! ಪಿಡುಗು ಇಳಿದ ಮೇಲೆ ನಡೆದ ಸಮೀಕ್ಷೆಯಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಸೋಂಕು ತಗುಲಿದ್ದು ಗೊತ್ತಾಯಿತು.

ತಾಯಿಯಿಂದ ಮಗುವಿಗೆ ಚಿಕುನ್‌ಗುನ್ಯ ದಾಟುತ್ತದೆಂದು ಜಗತ್ತಿಗೆ ಸ್ಪಷ್ಟವಾಗಿ ತಿಳಿದದ್ದೂ ಅಲ್ಲೇ. ಹೆರಿಗೆಗೆ ವಾರಗಟ್ಟಲೆ ಮೊದಲೇ ಜ್ವರ ಬಂದುಹೋದ ತಾಯಂದಿರ ಮಕ್ಕಳಲ್ಲಿ ಬಹುಪಾಲು ಆರೋಗ್ಯವಾಗಿಯೇ ಇದ್ದವು. ಪ್ರತಿಕಾಯ ತಯಾರಾಗಲು ತಾಯಿಗೆ ಸಮಯ ಸಿಕ್ಕಿತ್ತು. ಆದರೆ ಹೆರಿಗೆಯ ಹೊತ್ತಿಗೆ ರಕ್ತದಲ್ಲಿ ವೈರಸ್ ಇದ್ದ 39 ತಾಯಂದಿರಲ್ಲಿ 19 ಮಂದಿಯ ಮಕ್ಕಳಿಗೆ ಸೋಂಕು ತಗುಲಿತು. ಹುಟ್ಟುವಾಗ ಚೆನ್ನಾಗಿದ್ದ ಆ ಕೂಸುಗಳು ಮೂರರಿಂದ ಏಳು ದಿನದೊಳಗೆ ಹಾಲು ಕುಡಿಯುವುದನ್ನು ಬಿಟ್ಟವು. ಕೆಲವಕ್ಕೆ ಮಿದುಳಿಗೇ ಪೆಟ್ಟಾಯಿತು. ಸಿಸೇರಿಯನ್ ಮಾಡಿದರೂ ತಡೆಯಲಾಗಲಿಲ್ಲ. ವ್ಯತ್ಯಾಸ ಮಾಡಿದ್ದು ಕೆಲವೇ ವಾರಗಳ ಅಂತರ.

ನಮ್ಮೂರಿನ ಲೆಕ್ಕ

ಅದೇ 2006ರಲ್ಲಿ ಚಿಕುನ್‌ಗುನ್ಯ ಕರ್ನಾಟಕದ ಹಳ್ಳಿ ಹಳ್ಳಿಯನ್ನೂ ಹೊಕ್ಕಿತು. ಕೋಳಿ ತಿಂದರೆ ಬರುವ ರೋಗವೆಂದು ‘ಚಿಕನ್ ಗುನ್ಯ’ ಅಂದವರೂ ಇದ್ದರು. ನಿಜವಾಗಿ ಅದು ಆಫ್ರಿಕಾದ ಮಕೊಂಡೆ ಭಾಷೆಯ ಪದ. ಕೀಲುನೋವಿನಿಂದ ಬಾಗಿ ನಡೆಯುವುದನ್ನು ಹೇಳುತ್ತದೆ. ದೇಶದಲ್ಲಿ ವರದಿಯಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಏಳೂವರೆ ಲಕ್ಷ ಕರ್ನಾಟಕದ್ದೇ. ಏಕೆ ಇಷ್ಟೊಂದು? 1963ರಲ್ಲಿ ಕಲ್ಕತ್ತ, 1964ರಲ್ಲಿ ಮದರಾಸು, 1973ರಲ್ಲಿ ಮಹಾರಾಷ್ಟ್ರದ ಬಾರ್ಶಿಯಲ್ಲಿ ಕಾಣಿಸಿಕೊಂಡ ಮೇಲೆ ಈ ರೋಗ ದೇಶದಲ್ಲಿ ಮೂರು ದಶಕ ಸುಮ್ಮನಿತ್ತು. ಆ ಮೌನದ ವರ್ಷಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳೇ 2006ರ ತಾಯಂದಿರು. ಕೂಸಿಗೆ ಕೊಡಲು ಅವರ ಬಳಿ ಆ ಕಾವಲು ಇರಲಿಲ್ಲ.

ಈಗಿನ ಚಿತ್ರ ಬೇರೆ. 2017-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 5ರಿಂದ 45 ವರ್ಷದವರ ರಕ್ತ ಪರೀಕ್ಷಿಸಿದಾಗ ಶೇ. 48.7 ಮಂದಿಯಲ್ಲಿ ಡೆಂಗ್ಯೂವಿನ ಗುರುತಿತ್ತು. ದಕ್ಷಿಣದಲ್ಲಿ ಅದು ಶೇ. 76.9. ನಗರಗಳಲ್ಲಿ ಶೇ. 70.9, ಹಳ್ಳಿಗಳಲ್ಲಿ ಶೇ. 42.3. ಚಿಕುನ್‌ಗುನ್ಯದ ಗುರುತು ದೇಶದಲ್ಲಿ ಶೇ. 18.1, ದಕ್ಷಿಣದಲ್ಲಿ ಶೇ. 43.1. ಅಂದರೆ ಹೊನ್ನಾಳಿಯ ಹಳ್ಳಿಯಲ್ಲಿ ಬೆಳೆದು ಮುಂಬಯಿಗೋ ಚೆನ್ನೈಗೋ ಸೊಸೆಯಾಗಿ ಹೋದವಳ ರಕ್ತದ ಚರಿತ್ರೆ, ಅಲ್ಲೇ ಹುಟ್ಟಿ ಬೆಳೆದ ಅವಳ ನಾದಿನಿಯ ಚರಿತ್ರೆಯಂತೆ ಇರಬೇಕಾಗಿಲ್ಲ.

ಝೀಕಾ ಈ ಕಥೆಯ ಹೊಸ ಅಧ್ಯಾಯ. 2015ರಲ್ಲಿ ಬ್ರೆಜಿಲಿನಲ್ಲಿ ತಲೆ ಚಿಕ್ಕದಾದ ಮಕ್ಕಳು ಹುಟ್ಟಿದಾಗ ಜಗತ್ತು ಬೆಚ್ಚಿತು. 2021ರಲ್ಲಿ ಕೇರಳದಲ್ಲಿ ಮೊದಲು ಪತ್ತೆಯಾದ ರೋಗಿ ಒಬ್ಬ ಗರ್ಭಿಣಿ. 2024ರಲ್ಲಿ ಪುಣೆಯಲ್ಲಿ ಸೋಂಕು ಕಂಡವರಲ್ಲೂ ಹಲವರು ಗರ್ಭಿಣಿಯರು. ಅವರನ್ನೇ ವಿಶೇಷವಾಗಿ ಪರೀಕ್ಷಿಸಿದ್ದೂ ಅದಕ್ಕೆ ಒಂದು ಕಾರಣ.

ಹಾಗಾಗಿ ಸೀಮಂತ ಮುಗಿಸಿ ತವರಿಗೆ ಹೊರಟ ಮಗಳಿಗೆ ಸೀರೆ, ಬಳೆಯ ಜೊತೆ ಒಂದು ಸೊಳ್ಳೆಪರದೆಯನ್ನೂ ಕಟ್ಟಿಕೊಡಿ. ಈ ಮೂರೂ ವೈರಸ್ಸುಗಳನ್ನು ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಿನಲ್ಲಿ; ಮಧ್ಯಾಹ್ನದ ನಿದ್ದೆಗೂ ಪರದೆ ಬೇಕು. ದಿನ ಹತ್ತಿರವಾದ ಬಸುರಿಗೆ ಜ್ವರ ಬಂದರೆ ಕಷಾಯ ಕುಡಿಸಿ ಕಾಯಬೇಡಿ, ಅಂದೇ ಡಾಕ್ಟರಿಗೆ ತೋರಿಸಿ. ಹೆರಿಗೆ ಮಾಡಿಸುವವರಿಗೂ ಆ ಜ್ವರದ ವಿಷಯ ಹೇಳಿ, ಕೂಸನ್ನು ಒಂದು ವಾರವಾದರೂ ಅವರು ಕಣ್ಣಿಟ್ಟು ನೋಡಲಿ. ಆರು ತಿಂಗಳು ದಾಟಿದ ಕೂಸಿಗೆ ಮಳೆಗಾಲದಲ್ಲಿ ಜ್ವರ ಬಂದರೆ ‘ಹಲ್ಲು ಬರ್ತಿದೆ’ ಅಂದುಕೊಂಡು ಸುಮ್ಮನಾಗಬೇಡಿ. ಅಮ್ಮ ಕೊಟ್ಟ ಕಾವಲು ತೆಳುವಾಗುವ ಹೊತ್ತು ಅದೇ.