ಗಾಜಿನ ಬೀರುವಿನ ಕೇಕು

ಚಾಮರಾಜಪುರಂ ರೈಲು ನಿಲ್ದಾಣದಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಒಂದು ಬೇಕರಿಯಿದೆ. ಅದರ ಗಾಜಿನ ಬೀರುವಿನಲ್ಲಿ ಮೂರು ಅಂತಸ್ತಿನ ಬಿಳಿಯ ಕೇಕೊಂದು ಕಳೆದ ದಸರೆಯಿಂದ ಕುಳಿತಿದೆ. ಅಂಚಿಗೆ ಮುತ್ತಿನ ಸಾಲು, ಮೈಮೇಲೆ ಗುಲಾಬಿ ಬಳ್ಳಿ, ನೆತ್ತಿಯ ಮೇಲೆ ಒಂದು ಜೊತೆ ಹಂಸ. ಮೊನ್ನೆ ಮೊಮ್ಮಗ ಕೇಳಿದ: “ತಾತ, ಇದು ಯಾಕೆ ಹಳಸೋದೇ ಇಲ್ಲ? ಇರುವೆಯೂ ಬರಲ್ವಲ್ಲ?” ಹಳೆಯದನ್ನು ಕೆದಕುವ ಚಟವಿರುವವನ ಮುಂದೆ ಇಂಥ ಪ್ರಶ್ನೆ ಹಾಕಬಾರದು.

ಅಂಗಡಿಯವರು ಮುಚ್ಚುಮರೆ ಮಾಡಲಿಲ್ಲ. ಒಳಗಿರುವುದು ಥರ್ಮೋಕೋಲು, ಮೇಲಿರುವುದು ಗೋಡೆಗೆ ಬಳಿಯುವ ಪುಟ್ಟಿ, ಸ್ವಲ್ಪ ಅಂಟು ಬೆರೆಸಿದ್ದು. “ಅಸಲಿ ಕೆನೆ ಇಟ್ಟರೆ ನಮ್ಮ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನದೊಳಗೆ ಇಳಿದುಹೋಗುತ್ತೆ ಸ್ವಾಮಿ,” ಎಂದರು. ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗದೆ ಎಂದೆ. ಆಗದಂತೆ. ಜಿಪ್ಸಮ್ ಕಲ್ಲನ್ನು ಕಾಯಿಸಿ ಅದರೊಳಗಿನ ನೀರಿನ ಮುಕ್ಕಾಲು ಪಾಲನ್ನು ಕಳೆದು ಮಾಡಿದ ಪುಡಿ ಅದು; ನೀರು ಸೋಕಿದೊಡನೆ ಮತ್ತೆ ಕಲ್ಲಾಗುವ ಆತುರ ಅದಕ್ಕೆ. ನಾಲ್ಕು ಹೂ ಅರಳುವುದರೊಳಗೆ ಕೋನಿನಲ್ಲೇ ಬಿಗಿದುಕೊಳ್ಳುವುದು. ಪುಟ್ಟಿಯಾದರೋ ಕೈಗೆ ಸಾವಕಾಶ ಕೊಡುತ್ತದೆ. ಬಣ್ಣದಲ್ಲೂ ಎಚ್ಚರ ಬೇಕು: ಡಬ್ಬಿಯಿಂದ ಚಿಮುಕಿಸುವ ಬಣ್ಣದ ದ್ರಾವಕಕ್ಕೆ ಥರ್ಮೋಕೋಲು ಕರಗಿ ಹೊಂಡ ಬೀಳುತ್ತದೆ. ಆದ್ದರಿಂದ ನೀರಿನ ಬಣ್ಣವೇ ಗತಿ. ಕೊನೆಗೆ ಅವರು, ನಾನು ಕೇಳದಿದ್ದರೂ, ಒಂದು ಮಾತು ಸೇರಿಸಿದರು: “ಪುಟ್ಟಿಯ ಕೋನು, ಮೂತಿ ಎಲ್ಲಾ ಬೇರೆ ಡಬ್ಬಿ. ಅಡುಗೆ ಕೋಣೆಗೆ ಅದು ಬರಕೂಡದು.”

ಮನೆಯಲ್ಲಿ ಈ ಸಂಗತಿ ಹೇಳಿದಾಗ ನನ್ನಾಕೆಗೆ ಸರಿಬೀಳಲಿಲ್ಲ. ತಿನ್ನುವ ಪದಾರ್ಥದ ವೇಷದಲ್ಲಿ ತಿನ್ನಬಾರದ್ದನ್ನು ಇಡುವುದು ಮೋಸವಲ್ಲವೆ ಎಂದಳು. ನಾನು ಅಟ್ಟದ ಮೇಲಿನ ಗೊಂಬೆ ಪೆಟ್ಟಿಗೆಯನ್ನು ತೋರಿಸಿದೆ. ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಕೆಳಗೆ ಅಂಗಡಿ ಹೂಡುವ ನಮ್ಮ ಶೆಟ್ಟಿ ದಂಪತಿಗಳ ಮುಂದೆ ಅಕ್ಕಿ ಬೇಳೆಗಳು ನಿಜವಾದವು. ಬಾಳೆಗೊನೆ, ಮಾವು, ಲಾಡುಗಳು ಮಣ್ಣಿನವು. ಚಿಕ್ಕಂದಿನಲ್ಲಿ ಅಂಥ ಲಾಡೊಂದನ್ನು ನಾನು ಕಚ್ಚಿಯೂ ಇದ್ದೇನೆ. ಆಗ ಶೆಟ್ಟರನ್ನು ಯಾರೂ ಮೋಸಗಾರರೆನ್ನಲಿಲ್ಲ, ಬೈಸಿಕೊಂಡವನು ನಾನು. ಇನ್ನು ಸಂಕ್ರಾಂತಿಯ ಸಕ್ಕರೆ ಅಚ್ಚು ಇದಕ್ಕೆ ತಿರುಗುಮುರುಗು. ಮರದ ಅಚ್ಚಿಗೆ ಪಾಕ ಹೊಯ್ದು ತೆಗೆದ ಗಿಳಿಯೂ ಗೋಪುರವೂ ನೋಡಲು ಗೊಂಬೆ, ಆದರೆ ಕಡಿದರೆ ಸಿಹಿ.

ಕೇಕಿನ ಚರಿತ್ರೆಯಲ್ಲಿ ಈ ಎರಡು ದಾರಿಗಳೂ ಹೆಣೆದುಕೊಂಡಿವೆ. ಸಕ್ಕರೆ ದುಬಾರಿಯಾಗಿದ್ದ ಕಾಲದಲ್ಲಿ ಯೂರೋಪಿನ ದೊರೆಗಳ ಔತಣಗಳಲ್ಲಿ ಸಕ್ಕರೆಯ ಶಿಲ್ಪವೇ ಸಿರಿವಂತಿಕೆಯ ಪ್ರದರ್ಶನವಾಗಿದ್ದಿತು. ಫ್ರಾನ್ಸಿನ ಕರೇಮ್ (1783–1833) ಪ್ಯಾರಿಸಿನ ಗ್ರಂಥಾಲಯದಲ್ಲಿ ಕಟ್ಟಡಗಳ ಚಿತ್ರಗಳನ್ನು ನೋಡಿ ನೋಡಿ, ಅವುಗಳಂತೆ ಮಂಟಪ, ಭಗ್ನ ದೇಗುಲಗಳನ್ನು ಊಟದ ಮೇಜಿನ ಮೇಲೆ ನಿಲ್ಲಿಸಿದ. ಸಕ್ಕರೆ ಪುಡಿಗೆ ಗೋಂದು ಕಲಸಿ ನಾದಿ ಒಣಗಿಸುವ ಇಂಥ ಕೆಲಸ ಹೆಸರಿಗೆ ತಿನಿಸು. ಹಲ್ಲಿಗೆ ಹಂಚಿನ ಚೂರು. 1858ರಲ್ಲಿ ವಿಕ್ಟೋರಿಯಾ ರಾಣಿಯ ಹಿರಿಯ ಮಗಳ ಮದುವೆಗೆ ಮಾಡಿದ ಎತ್ತರದ ಕೇಕಿನಲ್ಲೂ ತಳದ ಅಂತಸ್ತು ಮಾತ್ರ ಕೇಕು. ಮೇಲಿನದೆಲ್ಲ ಸಕ್ಕರೆಯ ಅಲಂಕಾರ.

ಆದರೆ ನನ್ನ ಮನಸ್ಸನ್ನು ಹಿಡಿದದ್ದು ರಾಜರ ಕೇಕಲ್ಲ. ಎರಡನೆಯ ಮಹಾಯುದ್ಧದಲ್ಲಿ, 1940ರ ಜನವರಿಯಲ್ಲಿ, ಬ್ರಿಟನ್ನಿನಲ್ಲಿ ಸಕ್ಕರೆಗೆ ರೇಷನ್ ಬಂದಿತು. ಅದೇ ವರ್ಷದ ಆಗಸ್ಟಿನಿಂದ ಕೇಕಿನ ಮೇಲೆ ಸಕ್ಕರೆಯ ಐಸಿಂಗ್ ಹಚ್ಚುವುದನ್ನೇ ಸರ್ಕಾರ ನಿಷೇಧಿಸಿತು. ಮದುವೆಗಳು ನಿಲ್ಲುತ್ತವೆಯೆ? ನೆರೆಹೊರೆಯವರಿಂದ ಮೊಟ್ಟೆ, ಒಣದ್ರಾಕ್ಷಿ ಕೂಡಿಸಿ ಒಂದು ಸಣ್ಣ ಕೇಕು ಸುಡುವರು. ಅದರ ಮೇಲೆ ರಟ್ಟಿನಿಂದಲೋ ಪ್ಲಾಸ್ಟರಿನಿಂದಲೋ ಮಾಡಿದ, ಬೆಳ್ಳಗೆ ಸಿಂಗರಿಸಿದ ಅಂತಸ್ತಿನ ಮುಸುಕನ್ನು ಕವುಚುವರು. ಬೇಕರಿಯವರು ಇದನ್ನು ಬಾಡಿಗೆಗೆ ಕೊಡುತ್ತಿದ್ದರು. ಫೋಟೋ ತೆಗೆದಾದ ಮೇಲೆ ಮುಸುಕನ್ನೆತ್ತಿ ಚೂರು ಚೂರು ಹಂಚುವರು. ಒಂದೇ ಮುಸುಕು ಎಷ್ಟೋ ಮದುಮಕ್ಕಳ ಮಾನ ಕಾಯುತ್ತಿದ್ದಿತು. ರೇಷನ್ ಇನ್ನೂ ಮುಗಿಯದ 1947ರಲ್ಲಿ ರಾಜಕುಮಾರಿ ಎಲಿಜಬೆತ್ತಳ ಮದುವೆಗೆ ಆಸ್ಟ್ರೇಲಿಯದಿಂದ ಸಾಮಗ್ರಿ ಬಂದು ಒಂಬತ್ತು ಅಡಿಯ ಕೇಕು ಎದ್ದಿತು. ಅದು ಅರಮನೆಯ ಮಾತು. ಸಾಮಾನ್ಯರಿಗೆ ಸಕ್ಕರೆಯ ಕಟ್ಟು ಬಿಡುಗಡೆಯಾದದ್ದು 1953ರಲ್ಲಿ.

ನಮ್ಮ ನಾಡಿನಲ್ಲಿ ಮಂಡ್ಯದ ಕಾರ್ಖಾನೆ 1930ರ ದಶಕದಲ್ಲೇ ಸಕ್ಕರೆ ಅರೆಯತೊಡಗಿತ್ತು. ಅಲ್ಲಿಂದ ನಾಲ್ಕು ದಶಕ ಕಳೆದ ಮೇಲೆ ಬೆಂಗಳೂರಿನಲ್ಲಿ, ನೀಲಗಿರೀಸ್ ಮನೆತನದ ಸಿ. ರಾಮಚಂದ್ರನ್ ಅವರ ಪ್ರಯತ್ನದಿಂದ ವರ್ಷಾಂತ್ಯದ ಕೇಕು ಪ್ರದರ್ಶನ ಆರಂಭವಾಯಿತು. ಸೇಂಟ್ ಜೋಸೆಫ್ ಶಾಲೆಯ ಮೈದಾನದಲ್ಲಿ ಆಳೆತ್ತರವನ್ನು ಮೀರಿದ ಸಕ್ಕರೆಯ ಕಟ್ಟಡಗಳನ್ನು ಟಿಕೆಟ್ಟು ಕೊಂಡು ನೋಡಿದವರಲ್ಲಿ ನಾನೂ ಒಬ್ಬ. ಕರೇಮನ ವಂಶ ಇಲ್ಲಿ ಮುಂದುವರಿದಿದೆಯಲ್ಲ ಎನ್ನಿಸಿತ್ತು. ಯಾರೂ ಅಲ್ಲಿ ತಟ್ಟೆ ಹಿಡಿದು ನಿಲ್ಲುವುದಿಲ್ಲ.

ಹಾಗಾದರೆ ಮೋಸ ಎಲ್ಲಿ? 2024ರಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆ ಬೆಂಗಳೂರಿನ ಬೇಕರಿಗಳ 235 ಕೇಕುಗಳನ್ನು ಪರೀಕ್ಷೆ ಮಾಡಿಸಿತು. 12ರಲ್ಲಿ ಕೃತಕ ಬಣ್ಣ ಸುರಕ್ಷಿತವಲ್ಲದ ಮಟ್ಟದಲ್ಲಿದ್ದಿತು. ಅವು ಬೀರುವಿನ ಗೊಂಬೆಗಳಲ್ಲ, ಕತ್ತರಿಸಿ ಮಕ್ಕಳ ಕೈಗೆ ಕೊಡುವ ಕೇಕುಗಳು. ಪತ್ರಿಕೆಯಲ್ಲಿ ಇದನ್ನು ಓದಿದ ನನ್ನಾಕೆ ಕನ್ನಡಕ ತೆಗೆದಿಟ್ಟು, “ನಿಮ್ಮ ಪುಟ್ಟಿ ಕೇಕೇ ವಾಸಿ ಬಿಡಿ,” ಎಂದಳು.

ಮೊಮ್ಮಗನ ಹುಟ್ಟುಹಬ್ಬಕ್ಕೆ ಅದೇ ಬೇಕರಿಯಲ್ಲಿ ಒಂದು ಕೇಜಿಯ ಕೇಕು ಹೇಳಿದ್ದೇವೆ. ಬಣ್ಣ ಬೇಡ ಎಂದೆ. “ಬೆಳ್ಳಗೆ ಇದ್ದರೆ ಹುಡುಗ ಅದನ್ನೂ ಪುಟ್ಟಿ ಅಂದುಕೊಂಡಾನು,” ಎಂದು ಅಂಗಡಿಯವರು ನಕ್ಕರು. ಹುಡುಗ ಅಷ್ಟರಲ್ಲಿ ಬೀರುವಿನ ಬಳಿ ಹೋಗಿ, ಹಂಸಗಳ ಕತ್ತಿನ ಮೇಲೆ ಕುಳಿತ ಧೂಳನ್ನು ಗಾಜಿಗೆ ಮೂಗೊತ್ತಿ ನೋಡುತ್ತಿದ್ದ.