ಅಮ್ಮ ಹೇಳದ ಉತ್ತರ

2011ರ ಫೆಬ್ರವರಿ. ಚಿಕ್ಕಲಸಂದ್ರದ ನಮ್ಮ ಮನೆಗೆ ಜನಗಣತಿಯ ಮೇಡಂ ಬಂದಿದ್ರು. "ಮನೇಲಿ ಅಂಗವಿಕಲರು ಯಾರಾದ್ರೂ ಇದಾರಾ?" ಅಂದಾಗ ಅಮ್ಮ ಥಟ್ಟನೆ "ಯಾರೂ ಇಲ್ಲಮ್ಮ" ಅಂದುಬಿಟ್ಟಳು. ಅಕ್ಕನ ಆರು ವರ್ಷದ ಮಗ ಅಲ್ಲೇ ಕೂತು ಫ್ಯಾನ್ ತಿರುಗೋದನ್ನೇ ನೋಡ್ತಿದ್ದ. ಅವನಿಗೆ ಆಟಿಸಂ ಅಂತ ಡಾಕ್ಟರು ಹೇಳಿ ಆಗಲೇ ವರ್ಷವಾಗಿತ್ತು. ನಾನೂ ಬಾಯಿ ಬಿಡಲಿಲ್ಲ.

ಬಿಟ್ಟಿದ್ದರೂ ಅವನಿಗೆ ಅಲ್ಲಿ ಸರಿಯಾದ ಜಾಗ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲೇ ಆಟಿಸಂ ಹೆಸರಿದ್ದರೂ, 2011ರ ಗಣತಿಯ ಎಂಟು ವಿಧಗಳಲ್ಲಿ ಅದು ಇಲ್ಲ. ದೇಶದ 2.68 ಕೋಟಿ ಅಂಗವಿಕಲರಲ್ಲಿ ಸುಮಾರು 49 ಲಕ್ಷ ಜನ 'ಇತರೆ' ಅನ್ನೋ ಗೋಣಿಚೀಲಕ್ಕೆ ಬಿದ್ದರು.

ಈ ಎಣಿಕೆಯ ಕಥೆ ಶುರುವಾಗಿದ್ದು ದೂರದಲ್ಲಿ. 1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಬರೆದದ್ದು ಬರೀ 11 ಮಕ್ಕಳ ಬಗ್ಗೆ. ಒಂದು ಇಡೀ ಪ್ರದೇಶದಲ್ಲಿ ಮೊದಲು ಎಣಿಸಿದವರು ವಿಕ್ಟರ್ ಲಾಟರ್. ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್‌ನಲ್ಲಿ 8ರಿಂದ 10 ವರ್ಷದ ಸುಮಾರು 78 ಸಾವಿರ ಮಕ್ಕಳನ್ನು ಜರಡಿ ಹಿಡಿದು, 1966ರಲ್ಲಿ ಅವರು ಕೊಟ್ಟ ಲೆಕ್ಕ: 10 ಸಾವಿರಕ್ಕೆ 4.5.

ಇನ್ನು ನಮ್ಮೂರು. ನಿಮ್ಹಾನ್ಸ್‌ನ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮವರ್ಗದ ಬಡಾವಣೆ, ಸ್ಲಂ, ಹಳ್ಳಿಗಳಲ್ಲಿ 16 ವರ್ಷದವರೆಗಿನ 2,064 ಮಕ್ಕಳ ಸಮೀಕ್ಷೆ ಮಾಡಿ 2005ರಲ್ಲಿ ಪ್ರಕಟಿಸಿದರು. ಶೇ. 12.5ರಷ್ಟು ಮಕ್ಕಳಲ್ಲಿ ಏನಾದರೊಂದು ಮಾನಸಿಕ ತೊಂದರೆ ಕಂಡಿತ್ತು. ದೊಡ್ಡ ಕೆಲಸವೇ. ಆದರೆ ಆಟಿಸಂ ಅಳೆಯೋಕೆ ಅಷ್ಟು ಮಕ್ಕಳು ಸಾಲ್ತಾರಾ? ಕ್ಯಾಲ್ಕ್ಯುಲೇಟರ್ ಹಿಡಿದೆ. ಲಾಟರ್ ದರದಲ್ಲಿ 2,064 ಮಕ್ಕಳಿಗೆ ಬರೋದು 0.93. ಅಂದ್ರೆ ಒಂದು ಮಗುವೂ ಪೂರ್ತಿ ಇಲ್ಲ!

2018ರಲ್ಲಿ ಪಲ್ವಲ್, ಕಾಂಗ್ರಾ, ಢೆಂಕನಾಲ್, ಉತ್ತರ ಗೋವಾ, ಹೈದರಾಬಾದ್‌ಗಳ 2ರಿಂದ 9 ವರ್ಷದ ಮಕ್ಕಳ ಅಧ್ಯಯನ ಬಂತು. ಅದರಲ್ಲಿ ಆಟಿಸಂ ನೂರಕ್ಕೆ ಒಂದರ ಆಸುಪಾಸು. ಈ ದರ ಹಾಕಿದರೆ ಅದೇ 2,064ರಲ್ಲಿ ಇಪ್ಪತ್ತು ಮಕ್ಕಳು. ಮಕ್ಕಳೇನು ಇಪ್ಪತ್ತು ಪಟ್ಟು ಬದಲಾಗಿಬಿಟ್ಟರಾ? ಬದಲಾಗಿದ್ದು ಹೆಚ್ಚಾಗಿ ವ್ಯಾಖ್ಯೆ, ಕೇಳೋ ರೀತಿ, ಮತ್ತೆ ಬಾಗಿಲು ತೆಗೆದವರ ಉತ್ತರ. ಅಂದಹಾಗೆ, ಆ ಐದು ಊರುಗಳಲ್ಲಿ ಕರ್ನಾಟಕದ್ದು ಒಂದೂ ಇಲ್ಲ.

2016ರ ಕಾಯ್ದೆ 21 ವೈಕಲ್ಯಗಳನ್ನು ಪಟ್ಟಿ ಮಾಡ್ತು, ಆಟಿಸಂ ಅದರಲ್ಲೊಂದು. ಈಗ ಹುಡುಗನ ಸರ್ಟಿಫಿಕೇಟಿನಲ್ಲಿ ಆ ಪದ ಸ್ಪಷ್ಟವಾಗಿದೆ. ಅಮ್ಮ ಅದನ್ನ ಲ್ಯಾಮಿನೇಟ್ ಮಾಡಿಸಿ ರೇಷನ್ ಕಾರ್ಡ್ ಜೊತೆ ಇಟ್ಟಿದ್ದಾಳೆ. ಮುಂದಿನ ಗಣತಿಗೆ ಯಾರಾದ್ರೂ ಬಂದ್ರೆ ತೋರಿಸ್ತಾಳಂತೆ.