ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದಲ್ಲಿ ಗ್ಲೆನ್ ಮ್ಯಾಕ್ಸ್‌ವೆಲ್

ಗ್ಲೆನ್ ಜೇಮ್ಸ್ ಮ್ಯಾಕ್ಸ್‌ವೆಲ್ (ಜನನ: 14 ಅಕ್ಟೋಬರ್ 1988) ಆಸ್ಟ್ರೇಲಿಯಾದ ಕ್ರಿಕೆಟ್ ಆಟಗಾರ. ಬಲಗೈ ದಾಂಡಿಗರೂ ಆಫ್‌ಸ್ಪಿನ್ ಬೌಲರೂ ಆದ ಇವರು 2021ರಿಂದ 2024ರವರೆಗೆ ಇಂಡಿಯನ್ ಪ್ರೀಮಿಯರ್ ಲೀಗ್‌ನ (ಐಪಿಎಲ್) ನಾಲ್ಕು ಆವೃತ್ತಿಗಳಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು (ಆರ್‌ಸಿಬಿ) ತಂಡದ ಪರವಾಗಿ ಆಡಿದರು. ಮೊದಲ ಮೂರು ಆವೃತ್ತಿಗಳಲ್ಲಿ ಒಟ್ಟು 1,214 ರನ್ ಗಳಿಸಿದ ಇವರು ನಾಲ್ಕನೆಯದರಲ್ಲಿ ಗಳಿಸಿದ್ದು 52 ರನ್ ಮಾತ್ರ. ಈ ಅವಧಿಯಲ್ಲಿ ಕಾಲುಮುರಿತ, ಬೆರಳಿನ ಗಾಯ, ಮಾನಸಿಕ ದಣಿವು ಎಲ್ಲವನ್ನೂ ಕಂಡ ಇವರ ಬಗ್ಗೆ ಅಭಿಮಾನಿಗಳು ತೋರಿದ ಮೆಚ್ಚುಗೆ, ಸಿಟ್ಟು ಮತ್ತು ಸಹಾನುಭೂತಿಗಳು, ಹೊರದೇಶದಿಂದ ಬಂದ ಆಟಗಾರನನ್ನು ಕನ್ನಡ ನಾಡಿನ ಕ್ರಿಕೆಟ್ ಪ್ರೇಮಿಗಳು ಹೇಗೆ ಕಂಡರು ಎಂಬುದಕ್ಕೆ ಒಂದು ಉದಾಹರಣೆಯಾಗಿವೆ.

ಹಿನ್ನೆಲೆ

ಐಪಿಎಲ್ ಪಂದ್ಯಾವಳಿ 2008ರಲ್ಲಿ ಆರಂಭವಾಯಿತು. ಆಟಗಾರರನ್ನು ಹರಾಜಿನ ಮೂಲಕ ಕೊಳ್ಳುವುದು ಈ ಪಂದ್ಯಾವಳಿಯ ಪದ್ಧತಿ. ಒಂದು ಪಂದ್ಯದ ಆಡುವ ಹನ್ನೊಂದರಲ್ಲಿ ಗರಿಷ್ಠ ನಾಲ್ವರು ವಿದೇಶಿಯರಿಗೆ ಮಾತ್ರ ಅವಕಾಶವಿದೆ. ಆದ್ದರಿಂದ ವಿದೇಶಿ ಆಟಗಾರನೊಬ್ಬ ವಿಫಲನಾದರೆ ಅಥವಾ ಗಾಯಗೊಂಡರೆ ತಂಡದ ಲೆಕ್ಕಾಚಾರವೇ ಏರುಪೇರಾಗುತ್ತದೆ. ಹರಾಜಿನ ಬೆಲೆ ಎಲ್ಲರಿಗೂ ತಿಳಿದಿರುವುದರಿಂದ ಆಟಗಾರನ ಪ್ರತಿ ಸೋಲನ್ನೂ ಆ ಬೆಲೆಯೊಡನೆ ತೂಗಿ ನೋಡುವುದು ಅಭಿಮಾನಿಗಳಲ್ಲಿ ರೂಢಿಯಾಗಿದೆ.

ಆರ್‌ಸಿಬಿಗೆ ಇಂಥ ಅನುಭವ ಹೊಸದಾಗಿರಲಿಲ್ಲ. 2017ರಲ್ಲಿ 12 ಕೋಟಿ ರೂಪಾಯಿಗೆ ಬಂದ ಇಂಗ್ಲೆಂಡಿನ ವೇಗಿ ಟೈಮಲ್ ಮಿಲ್ಸ್ ಆಡಿದ್ದು ಐದೇ ಪಂದ್ಯಗಳಲ್ಲಿ. 2021ರಲ್ಲಿ 15 ಕೋಟಿ ರೂಪಾಯಿ ಪಡೆದ ನ್ಯೂಜಿಲೆಂಡಿನ ಕೈಲ್ ಜೇಮಿಸನ್ ಒಂಬತ್ತು ಪಂದ್ಯಗಳಲ್ಲಿ ಒಂಬತ್ತು ವಿಕೆಟ್ ಗಳಿಸಿದರು. ಇದಕ್ಕೆ ಪ್ರತಿಯಾಗಿ ದಕ್ಷಿಣ ಆಫ್ರಿಕಾದ ಎ.ಬಿ. ಡಿವಿಲಿಯರ್ಸ್ ಮತ್ತು ವೆಸ್ಟ್ ಇಂಡೀಸಿನ ಕ್ರಿಸ್ ಗೇಲ್ ಬೆಂಗಳೂರಿನ ಮನೆಮಕ್ಕಳಂತಾದರು. ಗೇಲ್ 2011ರಲ್ಲಿ ಗಾಯಾಳು ಡರ್ಕ್ ನ್ಯಾನಸ್ ಅವರ ಬದಲಿಗೆ ಬಂದವರು. ಅದೇ ವರ್ಷ 608 ರನ್ ಗಳಿಸಿದರು. ಒಬ್ಬರ ಗಾಯ ಇನ್ನೊಬ್ಬರ ಕೀರ್ತಿಗೆ ದಾರಿಯಾದದ್ದೂ ಉಂಟು.

2021: ಸಂದೇಹದಿಂದ ಮೆಚ್ಚುಗೆಗೆ

2020ರಲ್ಲಿ ಪಂಜಾಬ್ ತಂಡದಲ್ಲಿದ್ದ ಮ್ಯಾಕ್ಸ್‌ವೆಲ್ 13 ಪಂದ್ಯಗಳಲ್ಲಿ 108 ರನ್ ಗಳಿಸಿದ್ದರು. ಅವುಗಳಲ್ಲಿ ಒಂದೂ ಸಿಕ್ಸರ್ ಇರಲಿಲ್ಲ. ಮರುವರ್ಷ ಫೆಬ್ರವರಿ 18ರಂದು ಚೆನ್ನೈನಲ್ಲಿ ನಡೆದ ಹರಾಜಿನಲ್ಲಿ ಆರ್‌ಸಿಬಿ ಇವರಿಗೆ 14.25 ಕೋಟಿ ರೂಪಾಯಿ ಕೊಟ್ಟಾಗ ಸಂದೇಹ ಮೂಡಿದ್ದು ಸಹಜವೇ ಆಗಿತ್ತು. ಆದರೆ 2021ರಲ್ಲಿ ಇವರು ಆರು ಅರ್ಧಶತಕಗಳೊಂದಿಗೆ 513 ರನ್ ಗಳಿಸಿ ಸಂದೇಹಪಟ್ಟವರಿಗೆ ಉತ್ತರ ಕೊಟ್ಟರು.

ಆ ವರ್ಷ ಅಕ್ಟೋಬರ್ 11ರಂದು ಶಾರ್ಜಾದಲ್ಲಿ ನಡೆದ ಎಲಿಮಿನೇಟರ್ ಪಂದ್ಯದಲ್ಲಿ ಆರ್‌ಸಿಬಿ ಕೋಲ್ಕತ್ತ ನೈಟ್ ರೈಡರ್ಸ್ ಎದುರು ನಾಲ್ಕು ವಿಕೆಟ್‌ಗಳಿಂದ ಸೋತಿತು. ಆಸ್ಟ್ರೇಲಿಯಾದವರೇ ಆದ ಡ್ಯಾನ್ ಕ್ರಿಶ್ಚಿಯನ್ ಅವರ ಒಂದು ಓವರಿನಲ್ಲಿ 22 ರನ್ ಹೋಗಿದ್ದವು. ಸೋಲಿನ ಬಳಿಕ ಸಾಮಾಜಿಕ ಜಾಲತಾಣಗಳಲ್ಲಿ ಕೆಲವರು ಕ್ರಿಶ್ಚಿಯನ್ ಅವರನ್ನಷ್ಟೇ ಅಲ್ಲದೆ ಗರ್ಭಿಣಿಯಾಗಿದ್ದ ಅವರ ಸಂಗಾತಿಯನ್ನೂ ನಿಂದಿಸಿದರು. ಆಕೆಯನ್ನು ಇದರಿಂದ ಹೊರಗಿಡಿ ಎಂದು ಕ್ರಿಶ್ಚಿಯನ್ ಬಹಿರಂಗವಾಗಿ ಕೇಳಿಕೊಳ್ಳಬೇಕಾಯಿತು. ಮ್ಯಾಕ್ಸ್‌ವೆಲ್ ಅದೇ ಸಂದರ್ಭದಲ್ಲಿ ಹೇಳಿಕೆ ನೀಡಿ, ಆಟಗಾರರೂ ಮನುಷ್ಯರೇ ಎಂಬುದನ್ನು ನೆನಪಿಸಿದರು. ನಿಜವಾದ ಅಭಿಮಾನಿಗಳಿಗೆ ಕೃತಜ್ಞತೆ ಸಲ್ಲಿಸಿ, ನಿಂದಕರನ್ನು ಖಂಡಿಸಿದರು. ಆ ಆವೃತ್ತಿಯಲ್ಲಿ ಯಶಸ್ವಿಯಾಗಿದ್ದ ಆಟಗಾರನೇ ಸಹ ಆಟಗಾರನ ಪರವಾಗಿ ಮಾತನಾಡಿದ್ದು ಇಲ್ಲಿ ಗಮನಾರ್ಹ.

ಕಾಲುಮುರಿತ ಮತ್ತು ಮರಳುವಿಕೆ

2022ರ ಆವೃತ್ತಿಗೆ ಆರ್‌ಸಿಬಿ ಇವರನ್ನು 11 ಕೋಟಿ ರೂಪಾಯಿಗೆ ಉಳಿಸಿಕೊಂಡಿತು. ಆ ವರ್ಷ ಇವರು 301 ರನ್ ಗಳಿಸಿದರು. 2022ರ ನವೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಗೆಳೆಯರೊಬ್ಬರ ಹುಟ್ಟುಹಬ್ಬದ ಕೂಟದಲ್ಲಿ ಜಾರಿ ಬಿದ್ದು, ಕೆಳಗಾಲಿನ ಹೊರಬದಿಯ ಎಲುಬಾದ ಫಿಬುಲಾ ಮುರಿಯಿತು. ಶಸ್ತ್ರಚಿಕಿತ್ಸೆಯ ಬಳಿಕ ಕೆಲವು ತಿಂಗಳು ಆಟದಿಂದ ದೂರವಿದ್ದ ಇವರು 2023ರ ಐಪಿಎಲ್‌ಗೆ ಮರಳಿ 14 ಪಂದ್ಯಗಳಲ್ಲಿ 400 ರನ್ ಗಳಿಸಿದರು. ನೂರು ಎಸೆತಗಳಿಗೆ 183 ರನ್ನುಗಳಷ್ಟು ವೇಗದ ಆಟ ಅದು. ಏಪ್ರಿಲ್ 17ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಚೆನ್ನೈ ಎದುರು 36 ಎಸೆತಗಳಲ್ಲಿ 76, ಏಪ್ರಿಲ್ 23ರಂದು ಅದೇ ಅಂಗಳದಲ್ಲಿ ರಾಜಸ್ಥಾನದ ಎದುರು 44 ಎಸೆತಗಳಲ್ಲಿ 77 ರನ್ ಬಾರಿಸಿದರು.

ಅದೇ ವರ್ಷ ನವೆಂಬರ್ 7ರಂದು ಮುಂಬೈನಲ್ಲಿ ನಡೆದ ಏಕದಿನ ವಿಶ್ವಕಪ್ ಪಂದ್ಯದಲ್ಲಿ ಅಫ್ಘಾನಿಸ್ತಾನದ ವಿರುದ್ಧ ಸ್ನಾಯುಸೆಳೆತದಿಂದ ಓಡಲಾಗದ ಸ್ಥಿತಿಯಲ್ಲೂ ನಿಂತಲ್ಲಿಂದಲೇ ಹೊಡೆದು ಅಜೇಯ 201 ರನ್ ಗಳಿಸಿದರು. ನೋವು ಕಣ್ಣಿಗೆ ಕಾಣುತ್ತಿತ್ತು, ಗೆಲುವೂ ಬಂದಿತ್ತು. ಹೀಗಾಗಿ ಆ ಆಟ ಸಾಹಸದ ಮಾದರಿಯೆನಿಸಿತು. 2024ರ ಐಪಿಎಲ್ ಹೊತ್ತಿಗೆ ನಿರೀಕ್ಷೆ ಗಗನಕ್ಕೇರಿದ್ದಕ್ಕೆ ಇದೂ ಒಂದು ಕಾರಣ.

2024ರ ವೈಫಲ್ಯ

2024ರ ಮಾರ್ಚ್ 22ರಂದು ಚೆನ್ನೈನಲ್ಲಿ ನಡೆದ ಉದ್ಘಾಟನಾ ಪಂದ್ಯದಲ್ಲಿ ಮ್ಯಾಕ್ಸ್‌ವೆಲ್ ಮೊದಲ ಎಸೆತದಲ್ಲೇ ಔಟಾದರು. ಮೊದಲ ಆರು ಪಂದ್ಯಗಳಲ್ಲಿ ಇವರ ಗಳಿಕೆ 0, 3, 28, 0, 1, 0. ಒಟ್ಟು 32 ರನ್. ಏಪ್ರಿಲ್ 11ರಂದು ಮುಂಬೈನಲ್ಲಿ ಕ್ಷೇತ್ರರಕ್ಷಣೆ ಮಾಡುವಾಗ ಹೆಬ್ಬೆರಳಿಗೆ ಪೆಟ್ಟಾಯಿತು.

ಏಪ್ರಿಲ್ 15ರಂದು ಬೆಂಗಳೂರಿನಲ್ಲಿ ಹೈದರಾಬಾದ್ ಎದುರಿನ ಪಂದ್ಯದಲ್ಲಿ ಇವರು ಆಡಲಿಲ್ಲ. ಹೈದರಾಬಾದ್ 3 ವಿಕೆಟ್‌ಗೆ 287 ರನ್ ಪೇರಿಸಿದ ಆ ಪಂದ್ಯದ ಬಳಿಕ ಮ್ಯಾಕ್ಸ್‌ವೆಲ್ ಪತ್ರಕರ್ತರ ಮುಂದೆ ಬಂದು, ನಾಯಕ ಫಾಫ್ ಡುಪ್ಲೆಸಿ ಹಾಗೂ ತರಬೇತುದಾರರ ಬಳಿ ತಾವೇ ಹೋಗಿ ಬೇರೊಬ್ಬರಿಗೆ ಅವಕಾಶ ಕೊಡಿ ಎಂದು ಕೇಳಿಕೊಂಡದ್ದಾಗಿ ತಿಳಿಸಿದರು. ದೇಹಕ್ಕೂ ಮನಸ್ಸಿಗೂ ವಿಶ್ರಾಂತಿ ಬೇಕಾಗಿದೆ ಎಂಬುದು ಅವರ ಮಾತಿನ ಸಾರ. 2019ರ ಅಕ್ಟೋಬರ್‌ನಲ್ಲಿಯೂ ಇವರು ಮಾನಸಿಕ ಆರೋಗ್ಯದ ಕಾರಣ ನೀಡಿ ಆಸ್ಟ್ರೇಲಿಯಾ ತಂಡದಿಂದ ಕೆಲಕಾಲ ಹೊರಗುಳಿದಿದ್ದರು.

ಏಪ್ರಿಲ್ 28ರಂದು ಅಹಮದಾಬಾದಿನಲ್ಲಿ ತಂಡಕ್ಕೆ ಮರಳಿದರೂ ಬ್ಯಾಟಿಂಗ್ ಸುಧಾರಿಸಲಿಲ್ಲ. ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ವಿಲ್ ಜಾಕ್ಸ್ 41 ಎಸೆತಗಳಲ್ಲಿ ಶತಕ ಬಾರಿಸಿದರು. ಗಾಯದಿಂದಾಗಿ 2023ರ ಆವೃತ್ತಿಯನ್ನು ಪೂರ್ತಿಯಾಗಿ ಕಳೆದುಕೊಂಡಿದ್ದ ಆಟಗಾರ ಅವರು. ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತಿದ್ದ ಆರ್‌ಸಿಬಿ ನಂತರದ ಆರನ್ನೂ ಗೆದ್ದು ಪ್ಲೇಆಫ್ ತಲುಪಿತು. ಮೇ 18ರಂದು ಚೆನ್ನೈ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಮ್ಯಾಕ್ಸ್‌ವೆಲ್ ಐದು ಎಸೆತಗಳಲ್ಲಿ 16 ರನ್ ಗಳಿಸಿ, ಬೌಲಿಂಗ್‌ನಲ್ಲಿ ತಮ್ಮ ಮೊದಲ ಎಸೆತದಲ್ಲೇ ಋತುರಾಜ್ ಗಾಯಕ್ವಾಡ್ ಅವರ ವಿಕೆಟ್ ಪಡೆದರು. ಆದರೆ ಮೇ 22ರ ಎಲಿಮಿನೇಟರ್‌ನಲ್ಲಿ ರಾಜಸ್ಥಾನದ ಎದುರು ಮತ್ತೆ ಮೊದಲ ಎಸೆತಕ್ಕೆ ಔಟಾದರು. ತಂಡ ಹೊರಬಿದ್ದಿತು.

ಅಭಿಮಾನಿಗಳ ಪ್ರತಿಕ್ರಿಯೆ

ಪ್ರತಿಕ್ರಿಯೆಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಬೆಲೆಯ ಲೆಕ್ಕ. 11 ಕೋಟಿ ರೂಪಾಯಿಯನ್ನು 52 ರನ್ನಿಗೆ ಭಾಗಿಸಿದರೆ ಒಂದು ರನ್ನಿಗೆ 21 ಲಕ್ಷ ರೂಪಾಯಿಗೂ ಹೆಚ್ಚಾಗುತ್ತದೆ. ಇಂಥ ಲೆಕ್ಕ ಹಾಸ್ಯಕ್ಕೆ ಒದಗುತ್ತದೆ. ಆದರೆ ಇದೇ ಬೆಲೆಗೆ 2023ರಲ್ಲಿ ಬಂದ 400 ರನ್ನುಗಳಿಗೆ ಭಾಗಿಸಿದರೆ ರನ್ನಿಗೆ 2.75 ಲಕ್ಷ ರೂಪಾಯಿ ಆಗುತ್ತದೆ. ಗೆದ್ದಾಗ ಯಾರೂ ಭಾಗಾಕಾರ ಮಾಡುವುದಿಲ್ಲ. ಬೆಲೆಯನ್ನು ನಿಗದಿಪಡಿಸಿದವರು ತಂಡದ ಆಡಳಿತದವರು. ಅದರ ಭಾರವನ್ನು ಹೊತ್ತವರು ಆಟಗಾರರು.

ಎರಡನೆಯದು ಆಟದ ವಿಮರ್ಶೆ. ಲಯ ಕಳೆದುಕೊಂಡ ವಿದೇಶಿ ಆಟಗಾರನ ಸ್ಥಾನವನ್ನು ಇನ್ನೊಬ್ಬರಿಗೆ ಕೊಡಬೇಕೆಂಬ ವಾದ ಇದು. ನಾಲ್ವರ ಮಿತಿಯಿರುವಾಗ ಈ ವಾದದಲ್ಲಿ ನ್ಯಾಯವಿದೆ. ಮ್ಯಾಕ್ಸ್‌ವೆಲ್ ತಾವಾಗಿಯೇ ಹಿಂದೆ ಸರಿದಾಗ ಒಪ್ಪಿಕೊಂಡದ್ದೂ ಇದನ್ನೇ.

ಮೂರನೆಯದು ಸಹಾನುಭೂತಿ. ಮನಸ್ಸಿನ ದಣಿವನ್ನು ಎಲ್ಲರೆದುರು ಒಪ್ಪಿಕೊಳ್ಳುವುದು ಧೈರ್ಯದ ಕೆಲಸವೆಂದು ಭಾವಿಸಿದವರೂ ಇದ್ದರು. ಮೂಳೆ ಮುರಿತಕ್ಕೆ ಕ್ಷ-ಕಿರಣದ ಚಿತ್ರವಿರುತ್ತದೆ, ಮನಸ್ಸಿನ ದಣಿವಿಗೆ ಅಂಥ ಸಾಕ್ಷಿ ಇರುವುದಿಲ್ಲ. ಅಂಕಪಟ್ಟಿಯಲ್ಲಿ ಎರಡೂ ಸೊನ್ನೆಯಾಗಿಯೇ ಕಾಣುತ್ತವೆ.

ಕ್ರೀಡಾಂಗಣದಿಂದ ದೂರದ ಅಭಿಮಾನಿಗಳು

ಆರ್‌ಸಿಬಿಯ ಅಭಿಮಾನಿಗಳು ಬೆಂಗಳೂರಿಗೆ ಸೀಮಿತರಲ್ಲ. ಕೇರಳ ಮತ್ತು ತಮಿಳುನಾಡುಗಳ ಗಡಿಗೆ ತಾಗಿದ ಚಾಮರಾಜನಗರ ಜಿಲ್ಲೆಯಲ್ಲೂ, ರಾಜಧಾನಿಯಿಂದ ಸುಮಾರು 200 ಕಿ.ಮೀ. ದೂರದ ಗುಂಡ್ಲುಪೇಟೆಯಲ್ಲೂ ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ಪರಿಚಿತ. ಇಂಥ ಊರುಗಳ ಹೆಚ್ಚಿನವರಿಗೆ ಪಂದ್ಯವೆಂದರೆ ಟಿ.ವಿ. ಅಥವಾ ಮೊಬೈಲ್ ಪರದೆ. 2018ರಿಂದ ಕನ್ನಡದಲ್ಲಿಯೂ ವೀಕ್ಷಕ ವಿವರಣೆ ದೊರೆಯುತ್ತಿರುವುದು ಈ ನಂಟನ್ನು ಗಟ್ಟಿಗೊಳಿಸಿದೆ. ಆದರೆ ಪರದೆಯಲ್ಲಿ ಕಾಣುವುದು ಔಟಾದ ಕ್ಷಣವೇ ಹೊರತು ಚಿಕಿತ್ಸೆಯ ಕೋಣೆಯಲ್ಲ.

ಅಭಿಮಾನಕ್ಕೆ ಈ ಸೀಮೆಯಲ್ಲಿ ಒಂದು ಪರಂಪರೆಯೂ ಇದೆ. ಚಾಮರಾಜನಗರಕ್ಕೆ ಹೊಂದಿಕೊಂಡಿರುವ, ಈಗ ತಮಿಳುನಾಡಿಗೆ ಸೇರಿರುವ ಗಾಜನೂರಿನವರಾದ ನಟ ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನು ದೇವರೆಂದು ಸಂಬೋಧಿಸುತ್ತಿದ್ದರು. ಆ ಮಾತು ಅಭಿಮಾನಿಗೆ ಗೌರವವನ್ನು ಕೊಟ್ಟಂತೆ ಹೊಣೆಯನ್ನೂ ಹೊರಿಸುತ್ತದೆ. ಗೆದ್ದೆತ್ತಿನ ಬಾಲ ಹಿಡಿಯುವುದು ಸುಲಭ, ಕುಂಟುವ ಎತ್ತಿನ ಜೊತೆ ನಡೆಯುವುದು ಕಷ್ಟ.

ನಂತರದ ಬೆಳವಣಿಗೆಗಳು

2024ರ ಅಕ್ಟೋಬರ್‌ನಲ್ಲಿ ಆರ್‌ಸಿಬಿ ಮ್ಯಾಕ್ಸ್‌ವೆಲ್ ಅವರನ್ನು ಬಿಡುಗಡೆ ಮಾಡಿತು. ಮುಂದಿನ ತಿಂಗಳ ಹರಾಜಿನಲ್ಲಿ ಪಂಜಾಬ್ ಕಿಂಗ್ಸ್ ಇವರನ್ನು 4.2 ಕೋಟಿ ರೂಪಾಯಿಗೆ ಪಡೆಯಿತು. ಅಲ್ಲಿ 2025ರಲ್ಲಿ ಬೆರಳಿನ ಮೂಳೆ ಮುರಿದು ಅರ್ಧದಲ್ಲೇ ಹೊರನಡೆದರು.

ಅದೇ ಆವೃತ್ತಿಯಲ್ಲಿ ಆರ್‌ಸಿಬಿಯ ಆಸ್ಟ್ರೇಲಿಯಾ ವೇಗಿ ಜಾಶ್ ಹೇಜಲ್‌ವುಡ್ ಭುಜದ ನೋವಿನಿಂದ ಕೆಲವು ಪಂದ್ಯಗಳಿಗೆ ಅಲಭ್ಯರಾದರು. ಆಗಲೇ ತಂಡಕ್ಕೆ ವಿಕೆಟ್ ಗಳಿಸಿಕೊಟ್ಟಿದ್ದ ಅವರ ಬಗ್ಗೆ ಅಭಿಮಾನಿಗಳಲ್ಲಿ ಮೂಡಿದ್ದು ಗೇಲಿಯಲ್ಲ, ಆತಂಕ. ಮರಳಿ ಬಂದ ಹೇಜಲ್‌ವುಡ್ ಮೇ 29ರ ಮೊದಲ ಕ್ವಾಲಿಫೈಯರ್‌ನಲ್ಲಿ 21 ರನ್ನಿಗೆ ಮೂರು ವಿಕೆಟ್ ಪಡೆದರು. ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು ಆರು ರನ್ನುಗಳಿಂದ ಸೋಲಿಸಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಆ ಗೆಲುವಿನ ಹಿಂದಿನ ದಿನ ಮ್ಯಾಕ್ಸ್‌ವೆಲ್, ದೇಹ ಸಹಕರಿಸುತ್ತಿಲ್ಲವೆಂಬ ಕಾರಣ ನೀಡಿ, ಏಕದಿನ ಅಂತರರಾಷ್ಟ್ರೀಯ ಕ್ರಿಕೆಟ್‌ಗೆ ವಿದಾಯ ಹೇಳಿದರು.